ಶೆಟ್ಟಿಹಳ್ಳಿಯಿಂದ ಅತ್ತೂರಿಗೆ: ಮಳೆಗಾಲದ ಒಂದು ಪಯಣ

ಮೊದಲ ದಿನ: ಹೇಮಾವತಿಯ ಹಿನ್ನೀರು

ಹಾಸನದಿಂದ ಶೆಟ್ಟಿಹಳ್ಳಿಗೆ ಸುಮಾರು 20 ಕಿಲೋಮೀಟರ್. ಜುಲೈ ಕೊನೆಯ ವಾರ. ರಸ್ತೆಯ ಎರಡೂ ಬದಿ ಆಲೂಗಡ್ಡೆ ಹೊಲ, ಮುಸುಕಿನ ಜೋಳದ ಹೊಲ, ನಡುನಡುವೆ ಗೊಬ್ಬರಚೀಲದ ಕೊಪ್ಪೆ ಹೊದ್ದು ಕಳೆ ಕೀಳುವ ಹೆಂಗಸರು. ಬೆಂಗಳೂರು ಬಿಟ್ಟಾಗ ತುಂತುರಾಗಿದ್ದ ಮಳೆ ಇಲ್ಲಿ ಜಡಿ ಹಿಡಿದಿತ್ತು. ತಮ್ಮ ಕಾರು ಓಡಿಸುತ್ತಿದ್ದ, ಅಮ್ಮ ಮುಂದೆ ಕೂತಿದ್ದರು, ನಾನು ಹಿಂದೆ.

ಹೊರಡಿಸಿದ್ದು ಅಮ್ಮ. ನನ್ನ ಯಜಮಾನರು ಕೆಲಸ ಮಾಡುತ್ತಿದ್ದ ಕಾರ್ಖಾನೆ ಬೇಸಿಗೆಯಲ್ಲಿ ಬಾಗಿಲು ಹಾಕಿತು. ಅಲ್ಲಿಂದಾಚೆ ನಮ್ಮ ಮನೆಯಲ್ಲಿ ಪ್ರಾರ್ಥನೆ ನಿಂತಿರಲಿಲ್ಲ, ಆದರೆ ಪ್ರಾರ್ಥನೆ ಮುಗಿದ ಕೂಡಲೇ ಲೆಕ್ಕದ ಪುಸ್ತಕ ತೆರೆಯುತ್ತಿತ್ತು. ಮಗನ ಫೀಸು, ಮನೆ ಬಾಡಿಗೆ, ಚಿನ್ನದ ಸಾಲ. "ನೀನು ನಾಲ್ಕು ದಿನ ಆ ಪುಸ್ತಕ ಮುಚ್ಚಿಡು. ನನ್ನ ಊರಿಗೆ ಹೋಗಿ ಬರುವ" ಎಂದರು ಅಮ್ಮ. ಒಂದು ಕಂಪನಿಯಿಂದ ಉತ್ತರ ಬರುವುದಿತ್ತು, ಯಜಮಾನರು ಮಗನೊಂದಿಗೆ ಮನೆಯಲ್ಲೇ ಉಳಿದರು.

ಅಮ್ಮನ ಊರು ಮಂಗಳೂರು. ದಾರಿಯಲ್ಲಿ ಶೆಟ್ಟಿಹಳ್ಳಿ ನೋಡಬೇಕೆಂಬುದು ನನ್ನ ಬಹುದಿನದ ಆಸೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯ ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಾಗ ಊರು ಮುಳುಗಡೆಯಾಯಿತು, ಜನ ಬೇರೆಡೆ ಹೋದರು, ದೇವಾಲಯ ಮಾತ್ರ ಇದ್ದಲ್ಲೇ ಉಳಿಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಒಳಗೇ ನಡೆದು ಹೋಗಬಹುದು. ನಾವು ಹೋದಾಗ ನೀರು ಏರುತ್ತಿತ್ತು. ಕಮಾನುಗಳ ಅರ್ಧದವರೆಗೆ ಕೆಂಪು ನೀರು, ಮೇಲೆ ಚಾವಣಿಯಿಲ್ಲದ ಗೋಡೆಗಳು, ಗೋಡೆಯ ಮೇಲೆ ರೆಕ್ಕೆ ಬಿಚ್ಚಿ ಕೂತ ನೀರುಕಾಗೆಗಳು. ಗೋಡೆಗಳು ಈಗ ಅಲ್ಲಲ್ಲಿ ಕುಸಿಯುತ್ತಿವೆ. ನೋಡಬೇಕೆನ್ನುವವರು ಹೆಚ್ಚು ವರ್ಷ ಕಾಯದಿರುವುದು ಒಳ್ಳೆಯದು. ಮಳೆಗಾಲದಲ್ಲಿ ದಡದ ಮಣ್ಣು ಕಾಲಿಟ್ಟರೆ ಜಾರುತ್ತದೆ. ಕತ್ತಲಾಗುವ ಮೊದಲೇ ಹೋಗಿ ಬಂದುಬಿಡಬೇಕು, ನೀರಿನ ಹತ್ತಿರಕ್ಕೆ ಇಳಿಯಬಾರದು.

ದಡದಲ್ಲಿ ಎರಡು ಹಸು ಮೇಯಿಸುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ಕಂಡು ಹತ್ತಿರ ಬಂದರು. ಎಪ್ಪತ್ತರ ಆಸುಪಾಸು. ಕೊರಳಲ್ಲಿ ಕರಿ ದಾರಕ್ಕೆ ಕಟ್ಟಿದ ಸಣ್ಣ ಶಿಲುಬೆ.

"ನಂಗೆ ಜ್ಞಾನಸ್ನಾನ ಕೊಟ್ಟಿದ್ದು ಅಲ್ಲೇ ಕಣಮ್ಮ. ಆ ಎಡಗಡೆ ಗೋಡೆ ಕಾಣ್ತದಲ್ಲ, ಅದರ ಪಕ್ಕ. ನಮ್ಮಪ್ಪ ನಮ್ಮವ್ವನ ಮದುವೆ ಆಗಿದ್ದೂ ಅಲ್ಲೇ."

ಊರು ಬಿಡುವಾಗ ಹೇಗಿತ್ತು ಎಂದು ಅಮ್ಮ ಕೇಳಿದರು.

"ಹೊಟ್ಟೆ ಉರೀತು. ಎತ್ತಿನ ಗಾಡೀಲಿ ಸಾಮಾನು ತುಂಬ್ಕೊಂಡು ಹೊರಟ್ವಿ. ದೇವರ ಮನೇನೇ ಉಳೀಲಿಲ್ಲ, ನಮ್ಮನ್ನ ಇನ್ಯಾರು ನೋಡ್ಕೋತಾರೆ ಅಂತ ನಮ್ಮವ್ವ ಅನ್ನ ಮುಟ್ಟದೆ ಕೂತಿದ್ಳು. ಹೊಸ ಜಾಗದಲ್ಲಿ ಮೊದಲನೇ ಪೂಜೆ ಮರದ ಕೆಳಗೆ. ಮಳೆ ಬಂತು. ಗುರುಗಳು ನೆನ್ಕೊಂಡೇ ಪೂಜೆ ಮುಗಿಸಿದ್ರು. ಅವ್ವ ಆವತ್ತು ಬಂದು ಒಲೆ ಹಚ್ಚಿದ್ಳು. 'ಆ ನೀರು ದಾಟಿ ಸ್ವಾಮಿ ನಮ್ ಹಿಂದೇನೇ ಬಂದವ್ನೆ' ಅಂದ್ಳು."

ಇಷ್ಟು ಹೇಳಿ ಅವರು ಹಸುವಿನ ಕಡೆ ನಡೆದರು. ಒಂದು ತುಂಬು ಗಬ್ಬ. ಇವತ್ತೋ ನಾಳೆಯೋ ಎನ್ನುವಂತಿತ್ತು, ಅದಕ್ಕಾಗಿ ದೂರ ಬಿಡುತ್ತಿರಲಿಲ್ಲ. ಅಮ್ಮ ಅವರ ಹೆಸರು ಕೇಳಿ ಬೈಬಲಿನ ಕೊನೆಯ ಖಾಲಿ ಹಾಳೆಯಲ್ಲಿ ಬರೆದುಕೊಂಡರು. ಯಾಕೆಂದು ನಾನು ಕೇಳಲಿಲ್ಲ.

ಆ ರಾತ್ರಿ ಸಕಲೇಶಪುರದಲ್ಲಿ ತಂಗಿದೆವು. ಹೆಂಚಿನ ಮೇಲೆ ಇಡೀ ರಾತ್ರಿ ಮಳೆ ಸುರಿಯಿತು. ಆ ಅವ್ವ ನನ್ನ ತಲೆಯಿಂದ ಹೋಗಲಿಲ್ಲ. ನಾನು ದೇವರ ಆರೈಕೆಯನ್ನು ಯಾವಾಗಲೂ ಇರುವುದು ಇದ್ದ ಹಾಗೇ ಉಳಿಯುವುದರಲ್ಲಿ ಹುಡುಕುತ್ತಿದ್ದೆ: ಅದೇ ಕೆಲಸ, ಅದೇ ಮನೆ, ತಿಂಗಳ ಮೊದಲ ತಾರೀಕಿಗೆ ಅದೇ ಸಂಬಳ. ಅವರಿಗೆ ಊರೂ ಉಳಿಯಲಿಲ್ಲ, ದೇವಾಲಯವೂ ಉಳಿಯಲಿಲ್ಲ, ಆದರೂ ಒಲೆ ಹಚ್ಚಿದರು.

ಎರಡನೇ ದಿನ: ಶಿರಾಡಿ

ಬೆಳಿಗ್ಗೆ ಅಕ್ಕಿರೊಟ್ಟಿ, ಕಾಯಿಚಟ್ನಿ, ಲೋಟದ ತುಂಬ ಕಾಫಿ. ಮಳೆಗಾಲದಲ್ಲಿ ಘಾಟಿ ಇಳಿಯುವವರು ಹೊರಡುವ ಮುನ್ನ ರಸ್ತೆ ತೆರೆದಿದೆಯೇ ಎಂದು ವಿಚಾರಿಸಬೇಕು. ನಾವೂ ವಿಚಾರಿಸಿದೆವು, ತೆರೆದಿದೆ ಎಂದರು. ಆದರೆ ಘಟ್ಟದ ಮಣ್ಣು ಯಾರನ್ನೂ ಕೇಳಿ ಕುಸಿಯುವುದಿಲ್ಲ. ದೋಣಿಗಾಲ್ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದೆ ಲಾರಿಗಳ ಸಾಲು. ಎಲ್ಲೋ ಕೆಳಗೆ ಗುಡ್ಡದ ಮಣ್ಣು, ಅದರೊಂದಿಗೆ ಒಂದು ಮರ ರಸ್ತೆಗೆ ಬಂದಿದೆ, ಜೆಸಿಬಿ ಬರಬೇಕು ಎಂದರು. ನಮ್ಮ ಹಿಂದೆಯೂ ಲಾರಿಗಳು ಬಂದು ನಿಂತವು. ತಿರುಗಿಸಲು ಜಾಗವಿಲ್ಲ, ಮೊಬೈಲಿನಲ್ಲಿ ಸಿಗ್ನಲ್ ಇಲ್ಲ.

ಒಂದು ಬದಿ ಕಾಡು, ಇನ್ನೊಂದು ಬದಿ ಆಳದಲ್ಲಿ ಕೆಂಪಗೆ ಮೊರೆಯುವ ಹೊಳೆ. ಮಂಜು ಬಂದರೆ ಎದುರಿನ ಲಾರಿಯೂ ಮಾಯ, ಸರಿದರೆ ಬಂಡೆಯ ಮೇಲಿಂದ ಬಿಳಿ ನೀರಿನ ಎಳೆಗಳು. ಮೊದಲ ಒಂದೆರಡು ಗಂಟೆ ಚೆನ್ನಾಗಿಯೇ ಕಳೆಯಿತು. ಅಮ್ಮ ಹಳೆಯ ಕೀರ್ತನೆಗಳನ್ನು ಹಾಡಿದರು, ತಮ್ಮ ಕೆಳಗಿನ ದನಿ ಸೇರಿಸಿದ. ಬಿಸ್ಕತ್ತು ಮುಗಿಯಿತು. ಮಧ್ಯಾಹ್ನ ದಾಟಿತು.

ಅಮ್ಮನಿಗೆ ಸಕ್ಕರೆ ಕಾಯಿಲೆ. ಮಾತ್ರೆ ಕೈಚೀಲದಲ್ಲಿತ್ತು (ಎಲ್ಲಿಗೆ ಹೋದರೂ ಮಾತ್ರೆ ಡಿಕ್ಕಿಯಲ್ಲಲ್ಲ, ಕೈಯಲ್ಲಿರಬೇಕು ಎಂಬುದು ನಮ್ಮ ಮನೆಯ ನಿಯಮ). ಆದರೆ ಹೊತ್ತಿಗೆ ಸರಿಯಾಗಿ ಊಟ ಬೇಕು. ಮೂರು ಗಂಟೆಯ ಹೊತ್ತಿಗೆ ಅವರ ಹಣೆಯಲ್ಲಿ ಬೆವರು ಕಂಡಿತು, ಬೆರಳು ನಡುಗುತ್ತಿತ್ತು. ಡಬ್ಬಿಯಲ್ಲಿದ್ದ ಬೆಲ್ಲದ ಚೂರು ಬಾಯಿಗೆ ಹಾಕಿದೆ. ತಮ್ಮ ಊಟ ಕೇಳಿಕೊಂಡು ಮುಂದಿನ ಬಸ್ಸಿನ ಕಡೆ ಓಡಿದ. ನಾನು ಅವರ ಕೈ ಹಿಡಿದು ಜೋರಾಗಿಯೇ ಪ್ರಾರ್ಥಿಸಿದೆ. ದೊಡ್ಡ ಮಾತುಗಳು ಬರಲಿಲ್ಲ. ಅನುದಿನದ ಆಹಾರವನ್ನು ಈ ಹೊತ್ತು ದಯಪಾಲಿಸು ಎಂದು ಚಿಕ್ಕಂದಿನಿಂದ ದಿನವೂ ಹೇಳಿಕೊಂಡು ಬಂದ ಸಾಲು ಬಂತು. ಆವತ್ತು ಆ ಮಾತಿನಲ್ಲಿ ನಾನು ಕೇಳಿದ್ದು ನಿಜವಾಗಿಯೂ ಒಂದು ತುತ್ತು ಅನ್ನವನ್ನೇ.

ನಮ್ಮ ಹಿಂದಿದ್ದುದು ಚಳ್ಳಕೆರೆಯಿಂದ ಈರುಳ್ಳಿ ತುಂಬಿಕೊಂಡು ಬಂದಿದ್ದ ಲಾರಿ. ಡ್ರೈವರ್ ಕಿಟಕಿಯ ಹತ್ತಿರ ಬಂದು ಬಗ್ಗಿ ನೋಡಿದರು.

"ಯಾಕಕ್ಕಾ, ಅಮ್ಮಾರು ಸುಸ್ತಾದಂಗೈತಲ್ಲ?"

ವಿಷಯ ಕೇಳಿದವರೇ, "ಅನ್ನ ಆಗೈತೆ, ಐದು ನಿಮಿಷ ತಡೀರಿ" ಎಂದು ಹೋದರು. ಲಾರಿಯ ಕ್ಯಾಬಿನ್ನಿನಲ್ಲಿ ಸಣ್ಣ ಸ್ಟೌ ಇಟ್ಟುಕೊಂಡು ಅವರೂ ಕ್ಲೀನರ್ ಹುಡುಗನೂ ಅಡಿಗೆ ಮಾಡುತ್ತಿದ್ದರು. ಸ್ಟೀಲ್ ತಟ್ಟೆಯಲ್ಲಿ ಬಿಸಿ ಅನ್ನ, ಈರುಳ್ಳಿ ಗೊಜ್ಜು, ಒಂದು ಲೋಟ ತಿಳಿಸಾರು. ಅಮ್ಮ ತಟ್ಟೆ ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಸ್ತೋತ್ರ ಹೇಳುವಾಗ ಅವರು ಮಳೆಯಲ್ಲಿ ನೆನೆಯುತ್ತಲೇ ತಲೆಗೆ ಕಟ್ಟಿದ್ದ ಟವೆಲ್ ತೆಗೆದು ಕೈಯಲ್ಲಿ ಹಿಡಿದು ನಿಂತರು. ದುಡ್ಡು ಕೊಡಹೋದರೆ, "ಅನ್ನಕ್ಕೆ ರೊಕ್ಕ ಇಸ್ಕೊಂಡ್ರೆ ನಮ್ಮವ್ವ ಮನೆಯಾಗೆ ಸೇರಿಸ್ತಾಳೇನಕ್ಕ?" ಎಂದರು. ಉಳಿದ ಅನ್ನದಲ್ಲಿ ನಮಗಿಬ್ಬರಿಗೂ ಪಾಲು ಬಂತು. ಬಸ್ಸಿನಿಂದ ತಮ್ಮ ಎರಡು ಬಾಳೆಹಣ್ಣು ತಂದಿದ್ದ, ಅವು ಕ್ಲೀನರ್ ಹುಡುಗನಿಗೆ ಹೋದವು.

ಅಮ್ಮ ಚೇತರಿಸಿಕೊಂಡ ಮೇಲೆ ಹೇಳಿದ್ದನ್ನು ಬರೆಯಲೇಬೇಕು. "ನೋಡು, ಇಸ್ರಾಯೇಲ್ಯರಿಗೆ ಅರಣ್ಯದಲ್ಲಿ ಆಕಾಶದಿಂದ ಮನ್ನ ಅನ್ನುವ ಆಹಾರ ಬಿತ್ತು. ನಾಳೆಗೂ ಇರಲಿ ಎಂದು ಎತ್ತಿಟ್ಟವರದು ಹುಳ ಬಿದ್ದು ನಾರಿತು. ದೇವರಿಗೆ ಒಂದು ವರ್ಷದ್ದು ಒಟ್ಟಿಗೆ ಕೊಡ್ಲಿಕ್ಕೆ ಕಷ್ಟವಾ? ದಿನಾ ಬೆಳಿಗ್ಗೆ ಅವರು ಹೊರಗೆ ಬಂದು ಆಕಾಶ ನೋಡ್ಬೇಕಿತ್ತು. ನಿನಗೆ ಡಿಸೆಂಬರ್ ತನಕದ್ದು ಇವತ್ತೇ ಬೇಕು. ಅದು ಸಿಗ್ಲಿಕ್ಕಿಲ್ಲ. ಇವತ್ತಿನದ್ದು ಉಂಟು."

ಲೆಕ್ಕ ಬರೆಯುವುದು ತಪ್ಪೆಂದು ಅವರು ಹೇಳಲಿಲ್ಲ. ಅಪ್ಪ ಹೋದ ಮೇಲೆ ಹೊಲಿಗೆ ಯಂತ್ರ ತುಳಿದು ನಮ್ಮಿಬ್ಬರನ್ನು ಓದಿಸಿದ ಹೆಂಗಸು, ಒಂದೊಂದು ರೂಪಾಯಿಯನ್ನೂ ಬರೆದಿಟ್ಟವರು. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ದೇವರು ಸಾಕುವ ಹಕ್ಕಿಗಳೂ ಗೂಡಿನಲ್ಲಿ ಬಾಯಿ ತೆರೆದು ಕೂತಿರುವುದಿಲ್ಲ, ಬೆಳಕು ಹರಿಯುವ ಮೊದಲೇ ಹೊರಡುತ್ತವೆ. ಯೇಸುಸ್ವಾಮಿ ನಾಳೆ ಕಷ್ಟವೇ ಇರುವುದಿಲ್ಲ ಎಂದೂ ಹೇಳಲಿಲ್ಲ. ನಾಳೆಯ ಕಾಟವನ್ನು ಇವತ್ತೇ ಹೊರಬೇಡ ಎಂದರು. ವರ್ಷಗಳಿಂದ ಕೇಳಿದ ಈ ವಾಕ್ಯ ಆ ಮಳೆಯಲ್ಲಿ, ಲಾರಿಯ ಹೊಗೆಯ ನಡುವೆ ನನಗೆ ನಾಟಿತು.

ದಾರಿ ಬಿಡುವಾಗ ಕತ್ತಲಾಗಿತ್ತು. ಡ್ರೈವರ್ ಹೆಸರೂ ಅಮ್ಮನ ಬೈಬಲ್ ಸೇರಿತು. ಮಂಗಳೂರು ಮುಟ್ಟಿದಾಗ ಸರಿರಾತ್ರಿ. ಚಿಕ್ಕಮ್ಮ ಗಂಜಿ, ಉಪ್ಪಿನಕಾಯಿ, ಸುಟ್ಟ ಹಪ್ಪಳ ಇಟ್ಟುಕೊಂಡು ಕಾದಿದ್ದರು.

ಮೂರನೇ ದಿನ: ಬಲ್ಮಠ, ಜೆಪ್ಪು, ಒಣಮೀನು

ಭಾನುವಾರ. ಬಲ್ಮಠದ ಶಾಂತಿ ಕೆಥೆಡ್ರಲ್‌ನಲ್ಲಿ ಕನ್ನಡ ಆರಾಧನೆ. ಹೊರಗೆ ಗೋಡೆಗೆ ಒರಗಿಸಿದ ಕೊಡೆಗಳ ಸಾಲು, ಒಳಗೆ ಒದ್ದೆ ಸೀರೆಯ, ಮಲ್ಲಿಗೆಯ ವಾಸನೆ. ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಮಿಷನರಿ ಸಂಸ್ಥೆ) ಪರಂಪರೆಯ ಸಭೆಗಳಲ್ಲಿ ನಾಲ್ಕು ದನಿಯ ಹಾಡುಗಾರಿಕೆ ಇನ್ನೂ ಉಳಿದಿದೆ, ಅದನ್ನು ಕೇಳುವುದಕ್ಕಾಗಿಯೇ ಒಂದು ಭಾನುವಾರ ಇಲ್ಲಿಗೆ ಬರಬಹುದು. ಗಾಯಕವೃಂದಕ್ಕಾಗಿ ಕಾಯದೆ ಬೆಂಚಿನಲ್ಲಿ ಕೂತವರೇ ತಮ್ಮ ತಮ್ಮ ದನಿ ಹಿಡಿದು ಹಾಡಿದರು.

ಪ್ರಸಂಗ ಬೈಬಲಿನ ಅರಸುಗಳ ಮೊದಲ ಪುಸ್ತಕದ 17ನೇ ಅಧ್ಯಾಯದಿಂದ. ಬರಗಾಲದಲ್ಲಿ ದೇವರು ಪ್ರವಾದಿ ಎಲೀಯನನ್ನು ಕೆರೀತ್ ಹಳ್ಳಕ್ಕೆ ಕಳುಹಿಸುತ್ತಾನೆ. ಕಾಗೆಗಳು ರೊಟ್ಟಿ ಮಾಂಸ ತರುತ್ತವೆ, ಕುಡಿಯಲು ಹಳ್ಳದ ನೀರು. ಮಳೆಯಿಲ್ಲದೆ ಆ ಹಳ್ಳವೂ ಬತ್ತುತ್ತದೆ. ಸಭಾಪಾಲಕರು ಅಲ್ಲೇ ನಿಂತರು. ದೇವರೇ ಕಳುಹಿಸಿದ ಜಾಗ ಬತ್ತಿತು, ಎಲೀಯ ಏನೂ ತಪ್ಪು ಮಾಡಿರಲಿಲ್ಲ ಎಂದರು. ಆಮೇಲೆ ಚಾರೆಪ್ತ ಊರಿನ ವಿಧವೆ. ಅವಳ ಮಡಕೆಯಲ್ಲಿ ಉಳಿದಿದ್ದು ಒಂದು ಹಿಡಿ ಹಿಟ್ಟು. ಕಾಗೆಯ ನಂತರ ಎಲೀಯನಿಗೆ ಉಣಿಸಿದ್ದು ಅವಳ ಕೈ. ಹಳ್ಳ ಬತ್ತಿದ ದಿನ ಎಲೀಯನಿಗೆ ಅವಳ ಹೆಸರೂ ಗೊತ್ತಿರಲಿಲ್ಲ.

ಕಾರ್ಖಾನೆಯ ಗೇಟಿಗೆ ಅಂಟಿಸಿದ್ದ ನೋಟಿಸ್ ಕಣ್ಣ ಮುಂದೆ ಬಂತು. ಆ ಕೆಲಸ ಸಿಕ್ಕಾಗ ನಾವು ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ್ದೆವು, ದೇವರು ಕೊಟ್ಟ ಕೆಲಸ ಎಂದು. ಅದು ಹೋದಾಗ ಮೂರು ತಿಂಗಳಿಂದ ನನ್ನನ್ನು ಕಾಡಿದ ಪ್ರಶ್ನೆಯೂ ಅದೇ: ಕೊಟ್ಟವನೇ ಯಾಕೆ ತೆಗೆದ? ಎಲೀಯನ ಹಳ್ಳವನ್ನೂ ಕೊಟ್ಟಿದ್ದು ದೇವರೇ. ನನ್ನ ಪ್ರಶ್ನೆಗೆ ಪೂರಾ ಉತ್ತರ ಸಿಕ್ಕಿತು ಎನ್ನಲಾರೆ. ಪ್ರಶ್ನೆ ಹಿಡಿದುಕೊಂಡೇ ಆತನ ಮುಂದೆ ಕೂರಬಹುದು ಎನ್ನುವುದು ತಿಳಿಯಿತು.

ಆರಾಧನೆ ಮುಗಿಸಿ ಜೆಪ್ಪು ಕಡೆ ಹೋದೆವು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಕ್ರೈಸ್ತರಾದವರಿಗೆ ಮನೆ, ಆಸ್ತಿ, ಕುಲಕಸುಬು ಎಲ್ಲ ಕೈಬಿಟ್ಟು ಹೋಗುತ್ತಿತ್ತು. ಅವರಿಗೆ ದುಡಿಮೆ ಬೇಕೆಂದೇ ನೇಯ್ಗೆ, ಮುದ್ರಣ, ಆಮೇಲೆ 1865ರಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ನೇತ್ರಾವತಿ ದಂಡೆಯ ಜೇಡಿಮಣ್ಣಿನ ಆ ಕೆಂಪು ಹಂಚು ದೇಶದಾಚೆಗೂ ಹೋಯಿತು. ಅಮ್ಮನ ಅಜ್ಜ ಅಲ್ಲಿ ಹಂಚು ಒತ್ತುವವರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟರು, ಕಾರ್ಖಾನೆಗಳು ಮಿಷನ್ ಕೈತಪ್ಪಿ ಮುಂದೆ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಸೇರಿದವು. "ಪಾದ್ರಿಗಳು ಹೋದರು, ಇನ್ನು ನಮ್ಮ ಗತಿಯೇನು ಅಂತ ಅಜ್ಜ ರಾತ್ರಿಯೆಲ್ಲ ಜಗಲಿಯಲ್ಲಿ ಕೂತಿದ್ದರಂತೆ. ಬೆಳಗಾದ ಮೇಲೆ ಅಜ್ಜಿ ಬುತ್ತಿ ಕಟ್ಟಿ ಕೈಗೆ ಕೊಟ್ಟಳಂತೆ, 'ಕೆಲಸ ಇದ್ದರೆ ಮಾಡಿ, ಇಲ್ಲದಿದ್ದರೆ ಮನೆಗೆ ಬಂದು ಉಣ್ಣಿ' ಅಂತ." ರಸ್ತೆಬದಿಯ ಹಳೆಯ ಮನೆಯೊಂದರ ಪಾಚಿ ಹಿಡಿದ ಹಂಚಿನ ಮಾಡನ್ನು ನೋಡುತ್ತಾ ಅಮ್ಮ ಹೇಳಿದರು.

ಸಂಜೆ ಮಳೆ ಕೊಂಚ ಹೊಳವಾಯಿತು. ಚಿಕ್ಕಮ್ಮನ ಮನೆಯಲ್ಲಿ ಪತ್ರೊಡೆ ಬೇಯುತ್ತಿತ್ತು, ಮಳೆಗಾಲದ ಮೊದಲ ಕೆಸುವಿನೆಲೆ. ಜೊತೆಗೆ ಒಣಮೀನಿನ ಚಟ್ನಿ ಬೇಕೆಂದು ನಾನೂ ಅಮ್ಮನೂ ಪೇಟೆಗೆ ಹೋದೆವು. ಹಸಿಮೀನು ಬಲು ದುಬಾರಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲವಿದು, ಕಡಲೂ ಒರಟು. ನಾಡದೋಣಿಯವರು ತಂದರೆ ಅಷ್ಟಿಷ್ಟು.

ಟಾರ್ಪಾಲಿನಡಿ ಒಣಸಿಗಡಿ ಹರಡಿಕೊಂಡು ಕೂತಿದ್ದ ಹೆಂಗಸಿನೊಂದಿಗೆ ಅಮ್ಮ ತುಳುವಿನಲ್ಲಿ ಮಾತಿಗಿಳಿದರು. ಬೋಟಿಗೆ ಹೋಗುವ ಮಗ ಎರಡು ತಿಂಗಳಿಂದ ಬಲೆ ಹೆಣೆಯುತ್ತ ಮನೆಯಲ್ಲಿದ್ದಾನೆ, ಇದ್ದ ಒಣಮೀನಿನಲ್ಲೇ ಸಂಸಾರ ನಡೆಯುತ್ತಿದೆ ಎಂದರಂತೆ. ಭಯವಾಗುವುದಿಲ್ಲವೇ ಎಂದು ಅಮ್ಮ ಕೇಳಿದ್ದಕ್ಕೆ ಅವರು ಕಡಲಿನ ಕಡೆ ಕೈ ತೋರಿಸಿ "ದೇವೆರ್ ಉಲ್ಲೆರ್" (ದೇವರಿದ್ದಾರೆ) ಎಂದರು. ಆಮೇಲೆ ತೂಕಕ್ಕೆ ಇನ್ನೊಂದು ಹಿಡಿ ಸಿಗಡಿ ಹಾಕಿದರು. ಅವರ ಕೊರಳಲ್ಲಿ ಕರಿಮಣಿ, ಹಣೆಯಲ್ಲಿ ಕುಂಕುಮ. ಚಾರೆಪ್ತದ ವಿಧವೆಯೂ ಇಸ್ರಾಯೇಲಿನವಳಾಗಿರಲಿಲ್ಲ ಎಂದು ದಾರಿಯಲ್ಲಿ ಅಮ್ಮನಿಗೆ ಹೇಳಿದೆ. "ಹೌದಲ್ಲ!" ಎಂದು ನಿಂತುಬಿಟ್ಟರು, ತಿರುಗಿ ಹೋಗಿ ಅವರ ಹೆಸರನ್ನೂ ಕೇಳಿಕೊಂಡು ಬಂದರು.

ನಾಲ್ಕನೇ ದಿನ: ಅತ್ತೂರು, ಚಾರ್ಮಾಡಿ

ಬೆಳಿಗ್ಗೆ ಬೇಗ ಹೊರಟು ಕಾರ್ಕಳದ ಹತ್ತಿರ ಅತ್ತೂರಿಗೆ. ಸಂತ ಲಾರೆನ್ಸರ ಈ ಪುಣ್ಯಕ್ಷೇತ್ರಕ್ಕೆ 2016ರಲ್ಲಿ ಬೆಸಿಲಿಕಾ (ಪೋಪ್ ಕೊಡುವ ವಿಶೇಷ ಸ್ಥಾನ) ಗೌರವ ಸಿಕ್ಕಿತು. ಜನವರಿಯ ಹಬ್ಬಕ್ಕೆ ಬಂದರೆ ಜನಸಾಗರ. ಸುಮ್ಮನೆ ಕೂತು ಪ್ರಾರ್ಥಿಸಬೇಕೆನ್ನುವವರು ಮಳೆಗಾಲದ ವಾರದ ದಿನ ಬರಬೇಕು.

ಇಲ್ಲಿ ಮೊದಲ ಚರ್ಚ್ ಆಗಿದ್ದು 1759ರಲ್ಲಿ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು, ಚರ್ಚುಗಳು ನೆಲಸಮವಾದವು. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಬಹಳ. 1799ರ ನಂತರ ಬದುಕುಳಿದವರು ಬರಿಗೈಯಲ್ಲಿ ಹಿಂತಿರುಗಿದರು. ಆಮೇಲೆ ಸಂತ ಲಾರೆನ್ಸರ ಪುಟ್ಟ ಮರದ ಪ್ರತಿಮೆ ಹೊತ್ತು ಚರ್ಚಿಗೆ ಜಾಗ ಹುಡುಕುತ್ತ ಹೊರಟ ಗುರುಗಳು ಒಂದು ಒರತೆಯ ಬಳಿ ದಣಿವಾರಿಸಿಕೊಂಡರೆಂದೂ, ಏಳುವಾಗ ಪ್ರತಿಮೆ ಮೇಲೇಳಲಿಲ್ಲವೆಂದೂ, ಅಲ್ಲೇ ಚರ್ಚ್ ಆಯಿತೆಂದೂ ಊರವರು ಹೇಳುತ್ತಾರೆ. ನಮ್ಮ ಸಭೆಯಲ್ಲಿ ಪ್ರತಿಮೆಗಳಿಲ್ಲ. ಆದರೆ ನಡೆದು ನಡೆದು ಸೋತವರಿಗೆ ಇಲ್ಲೇ ನಿಲ್ಲಿ ಎಂದು ಯಾರೋ ಹೇಳಿದ ಹಾಗಿರುವ ಆ ಕಥೆ ಕೇಳುತ್ತ ನನ್ನ ಗಂಟಲು ಕಟ್ಟಿತು. ಆ ಜನರಲ್ಲಿ ಹಿಂತಿರುಗದೆ ದಾರಿಯಲ್ಲೇ ಕಣ್ಣು ಮುಚ್ಚಿದವರನ್ನೂ ದೇವರು ಕೈಬಿಟ್ಟಿರಲಿಲ್ಲ ಎಂದು ನಾನು ನಂಬುತ್ತೇನೆ. ಹಾಗೆ ನಂಬದಿದ್ದರೆ, ಬದುಕುಳಿದವರ ಸ್ತೋತ್ರವನ್ನು ಕೇಳಲು ನನ್ನಿಂದಾಗದು.

ಯಜಮಾನರ ಫೋನು ಬಂದಿದ್ದು ಉಜಿರೆಯ ಹತ್ತಿರ. ಆ ಕಂಪನಿಯವರು ಬೇರೆಯವರನ್ನು ತೆಗೆದುಕೊಂಡಿದ್ದಾರೆ.

ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಚಾರ್ಮಾಡಿ ಏರುವಾಗ ಪ್ರತಿ ತಿರುವಿನಲ್ಲೂ ಜಲಪಾತ, ಮಂಜು ಎಷ್ಟು ದಟ್ಟವೆಂದರೆ ತಮ್ಮ ರಸ್ತೆಯ ಅಂಚಿನ ಬಿಳಿಗೆರೆಯನ್ನೇ ನೋಡಿಕೊಂಡು ಓಡಿಸಿದ. ಈ ಘಾಟಿಯಲ್ಲಿ ಮಂಜಿರುವಾಗ ಅವಸರ ಕೂಡದು, ಹಳದಿ ದೀಪ ಹಾಕಿ ಹಾರ್ನ್ ಮಾಡುತ್ತ ಏರಬೇಕು. ನನಗೆ ಅಳು ಬಂತು, ಅತ್ತುಬಿಟ್ಟೆ. ನಂಬಿಕೆಯಿರುವವರಿಗೆ ಅಳು ಬರಬಾರದೆಂದು ಎಲ್ಲೂ ಬರೆದಿಲ್ಲ, ದಾವೀದನ ಕೀರ್ತನೆಗಳಲ್ಲಿ ಅರ್ಧ ಕಣ್ಣೀರೇ. ಅತ್ತು ಮುಗಿದ ಮೇಲೆ ಡಿಸೆಂಬರ್‌ವರೆಗಿನ ಲೆಕ್ಕ ತಲೆಗೆ ಬರಲಿಲ್ಲ. ಆ ರಾತ್ರಿ ಮನೆ ಮುಟ್ಟಬೇಕು, ಮಗನ ಯೂನಿಫಾರ್ಮ್ ಒಣಗಿದೆಯೋ ನೋಡಬೇಕು, ಅಷ್ಟು ಬಂತು.

ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿನ್ನದೆ ಯಾರೂ ಮುಂದೆ ಹೋಗುವುದಿಲ್ಲ. ನಡುಗುವ ಚಳಿಯಲ್ಲಿ ಹಬೆಯಾಡುವ ದೋಸೆ, ಖಾರದ ಚಟ್ನಿ. ಅಲ್ಲಿಂದ ಯಜಮಾನರಿಗೆ ಫೋನ್ ಮಾಡಿದೆ. "ಎಷ್ಟೊತ್ತಿಗೆ ಬರ್ತೀರಾ? ಅನ್ನ ಮಾಡಿಟ್ಟಿರ್ತೀನಿ. ನಿಧಾನ ಬನ್ನಿ" ಎಂದರು. ಅವರ ದನಿ ಕುಗ್ಗಿತ್ತು, ಆದರೆ ಅನ್ನದ ಮಾತು ಮೊದಲು ಬಂತು. ಅಮ್ಮ ಫೋನ್ ಇಸಿದುಕೊಂಡು ಅಳಿಯನಿಗಾಗಿ ಅಲ್ಲೇ, ದೋಸೆ ಹುಯ್ಯುವ ಸದ್ದಿನ ನಡುವೆ ಪ್ರಾರ್ಥಿಸಿದರು.

ಬುಧವಾರ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟವಿತ್ತು. ಪ್ರಾರ್ಥನೆಯ ಬಿನ್ನಹಗಳಿದ್ದರೆ ಹೇಳಿ ಎಂದಾಗ ಅಮ್ಮ ಬೈಬಲಿನ ಕೊನೆಯ ಹಾಳೆ ತೆರೆದರು. ಶೆಟ್ಟಿಹಳ್ಳಿಯ ಹಿರಿಯರು ಮತ್ತು ಅವರ ಹಸು, ಚಳ್ಳಕೆರೆಯ ಡ್ರೈವರ್, ಆಗಸ್ಟ್ 1ಕ್ಕೆ ಮಗನನ್ನು ಕಡಲಿಗೆ ಕಳುಹಿಸುವ ತಾಯಿ. ಅವರ ನಂತರ ಅಳಿಯನ ಹೆಸರು. ಮುಂದಿನ ವಾರ ಪೀಣ್ಯದಲ್ಲಿ ಅವರಿಗೆ ಇನ್ನೊಂದು ಸಂದರ್ಶನವಿದೆ. ಇದನ್ನು ಓದಿದ ನೀವೂ ಪ್ರಾರ್ಥನೆಯಲ್ಲಿ ನೆನೆದುಕೊಳ್ಳಿ.